ಕೊನೆಯ ಬೋಗಿಯ ಕೆಂಪು ದೀಪ

ಒರೋಸಿಯಾಳ ಮನೆಯ ಬಾಗಿಲಲ್ಲಿ ನಿಂತರೆ ಸುರಂಗದ ಬಾಯಿ ಕಾಣುತ್ತಿತ್ತು. ಅವಳು ಹುಟ್ಟಿದ್ದು ಆ ಮನೆಯಲ್ಲಿ, ಮದುವೆಯಾಗಿ ಸಂಸಾರ ಹೂಡಿದ್ದೂ ಅಲ್ಲೇ, ಎಪ್ಪತ್ತು ದಾಟಿದ ಮೇಲೂ ಇರುವುದು ಅಲ್ಲೇ. ಆದರೂ ಚಿಕ್ಕಂದಿನ ಒಂದು ಸಲ ಬಿಟ್ಟರೆ ಅವಳು ಆ ಸುರಂಗದೊಳಗೆ ಕಾಲಿಟ್ಟವಳಲ್ಲ. ಆಚೆ ಊರಿನ ನೆಂಟರ ಮನೆಗೆ ಹೋಗಬೇಕೆಂದರೆ ಗುಡ್ಡ ಹತ್ತಿ, ಬಾದಾಮಿ ತೋಟಗಳ ನಡುವೆ ಸುತ್ತಿ ಬಳಸಿ, ಏದುಸಿರು ಬಿಡುತ್ತಾ ಹೋಗುತ್ತಿದ್ದಳು. ಒಳಗಿನಿಂದ ಹೋದರೆ ಎಷ್ಟು ಹತ್ತಿರ ಅಂತ ಯಾರಾದರೂ ಬುದ್ಧಿ ಹೇಳಿದರೆ, ಅವಸರ ಇದ್ದೋರು ಹೋಗಲಿ ಬಿಡಿ ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಆ ಒಂದು ಸಲ ಅವಳು ಅಪ್ಪನಿಗೆ ಬುತ್ತಿ ಕೊಡಲು ಹೋಗಿದ್ದಳು. ಅಪ್ಪ ರೈಲ್ವೆಯ ಗ್ಯಾಂಗ್‌ಮನ್. ಸುತ್ತಿಗೆ ಹಿಡಿದು ಹಳಿಯುದ್ದಕ್ಕೂ ನಡೆದು, ಬೋಲ್ಟು ಸಡಿಲಾಗಿದೆಯೇ, ಮೇಲಿಂದ ಕಲ್ಲು ಬಿದ್ದಿದೆಯೇ ಎಂದು ನೋಡುವುದು ಅವನ ದಿನದ ಕೆಲಸ. ಅವಳು ಸುರಂಗದ ನಡುವೆ ಅವನನ್ನು ಸೇರುವುದಕ್ಕೂ ಗೂಡ್ಸ್ ಗಾಡಿ ಒಳಗೆ ನುಗ್ಗುವುದಕ್ಕೂ ಸರಿಹೋಯಿತು. ಅಪ್ಪ ಅವಳನ್ನು ಎಳೆದುಕೊಂಡು ಗೋಡೆಯಲ್ಲಿ ಕೊರೆದಿದ್ದ ಗೂಡಿಗೆ ತಳ್ಳಿ, ಮುಖವನ್ನು ಕಲ್ಲಿಗೆ ಒತ್ತಿ, ಮೂಗಿಗೆ ಒದ್ದೆ ಕರವಸ್ತ್ರ ಹಿಡಿದ. ಹೊಗೆ, ಕತ್ತಲು, ಹಲ್ಲು ಕಟಕಟ ಎನ್ನಿಸುವ ಸದ್ದು. ಸದ್ದು ನಿಂತ ಮೇಲೂ ಅವನು ಹಿಡಿತ ಸಡಿಲಿಸಲಿಲ್ಲ. ಕೊಸರಾಡಿದರೆ ಕತ್ತು ಹಿಡಿದು ಅದುಮಿದ.

"ಕೊನೆ ಬೋಗಿಯ ಕೆಂಪು ದೀಪ ಕಣ್ಣಿಗೆ ಕಾಣೋವರೆಗೂ ಗಾಡಿ ಹೋಗಿಲ್ಲ ಅಂತಲೇ ತಿಳ್ಕೋ" ಎಂದ.

ಅದು ಸುಮ್ಮನೆ ಹೇಳಿದ ಮಾತಲ್ಲ. ನಮ್ಮ ಕಣಿವೆಯ ಏರಿಳಿತದಲ್ಲಿ ಗೂಡ್ಸ್ ಗಾಡಿಯ ಕೊಂಡಿ ಕಳಚುವುದು ಆಗಾಗ ನಡೆಯುತ್ತಿತ್ತು. ಎಂಜಿನ್ನು ಮುಂದಿನ ಬೋಗಿಗಳನ್ನು ಎಳೆದುಕೊಂಡು ಹೋಗಿಬಿಡುತ್ತಿತ್ತು. ಹಿಂದುಳಿದ ಬೋಗಿಗಳು ಮುಂದೆ ದೀಪವಿಲ್ಲದೆ, ಶಿಳ್ಳೆಯಿಲ್ಲದೆ, ಕತ್ತಲಲ್ಲಿ ತಾವಾಗಿಯೇ ಉರುಳಿ ಬರುತ್ತಿದ್ದವು. ಸದ್ದು ನಿಂತಿತೆಂದು ಗೂಡಿನಿಂದ ಹೊರಗೆ ಬಂದವರನ್ನು ಆಮೇಲೆ ಗೋಣಿಯಲ್ಲಿ ಹೊತ್ತು ತಂದಿದ್ದರು. ಅಂದಿನಿಂದ ಒರೋಸಿಯಾಳಿಗೆ ಸದ್ದಿಗಿಂತ ಸದ್ದು ನಿಂತ ಮೇಲಿನ ಮೌನವೇ ಹೆಚ್ಚು ಭಯ.

ಅವಳು ಮದುವೆಯಾದ ಮಕಾರಿಯೊ ಅಪ್ಪನ ಕೈಕೆಳಗೆ ಕೆಲಸ ಕಲಿತವನು, ಅಪ್ಪನ ಸುತ್ತಿಗೆಯನ್ನೇ ಹಿಡಿದವನು. ಹೆಚ್ಚು ವರ್ಷ ಅದನ್ನು ಹಿಡಿಯುವ ಭಾಗ್ಯ ಅವನಿಗಿರಲಿಲ್ಲ. ರೈಲು ನಿಂತಿತು, ಹಳಿ ಕಿತ್ತುಕೊಂಡು ಹೋದರು, ದಾರಿಯ ಮೇಲೆ ಮುಳ್ಳು ಬೆಳೆಯಿತು. ಮಕಾರಿಯೊ ಬಾದಾಮಿ, ಆಲಿವ್ ಎಂದು ಬೇಸಾಯ ಮಾಡಿಕೊಂಡ. ಎಷ್ಟೋ ವರ್ಷಗಳ ಮೇಲೆ ಯಾರಿಗೋ ಜ್ಞಾನೋದಯವಾಗಿ ಮುಳ್ಳು ಸವರಿ, ಜಲ್ಲಿ ಹಾಸಿ, ಸೈಕಲ್ ದಾರಿ ಮಾಡಿದರು. ಕಾರು, ಲಾರಿ ಒಂದೂ ಬಾರದ ದಾರಿ. ರೈಲಿದ್ದಾಗ ನಮ್ಮ ಕಡೆ ತಿರುಗಿಯೂ ನೋಡದ ಪಟ್ಟಣದ ಜನ, ರೈಲು ಸತ್ತ ಮೇಲೆ ಬಣ್ಣಬಣ್ಣದ ಬಿಗಿ ಚಡ್ಡಿ ತೊಟ್ಟು ಬಂದರು. ಒರೋಸಿಯಾ ಸ್ಟೇಷನ್ನಿನ ಹಳೇ ಗೋದಾಮಿನಲ್ಲಿ ಸೈಕಲ್ ಬಾಡಿಗೆಗೆ ಇಟ್ಟಳು. ಬ್ರೇಕು ಸರಿಯಿದೆಯೇ ಎಂದು ಪ್ಲಾಟ್‌ಫಾರಂ ಮೇಲೆ ಒಂದು ಸುತ್ತು ಹೊಡೆಯುತ್ತಿದ್ದಳು. ಸುರಂಗದ ಕಡೆ ಮಾತ್ರ ಚಕ್ರ ತಿರುಗಿಸುತ್ತಿರಲಿಲ್ಲ.

ಮಕಾರಿಯೊನ ಮರೆವು ಶುರುವಾದದ್ದು ಇಸ್ಪೀಟಿನಿಂದ. ಮೊದಲು ಎಲೆ ಮರೆತ, ಆಮೇಲೆ ಎದುರು ಕೂತವರ ಹೆಸರು. ಕಾಲು ಮಾತ್ರ ಏನನ್ನೂ ಮರೆಯಲಿಲ್ಲ. ಪ್ರತಿ ಮಧ್ಯಾಹ್ನ ಊಟ ಮುಗಿಸಿ, ಸುತ್ತಿಗೆಯ ಬದಲು ಊರುಗೋಲು ಹಿಡಿದು, ಇಲ್ಲದ ಹಳಿಗಳ ನಡುವೆ ಸುರಂಗದೊಳಗೆ ನಡೆಯುತ್ತಿದ್ದ. ನಡೆಯಲಿ, ಒಳ್ಳೆಯದು ಎಂದು ಡಾಕ್ಟರೂ ಹೇಳಿದ್ದರು. ಜಲ್ಲಿಯ ಮೇಲೆ ಚಕ್ರದ ಸದ್ದು ಕೇಳಿದ ಕೂಡಲೇ ಗೂಡಿಗೆ ಸೇರಿ ಗೋಡೆಗೆ ಮುಖ ಮಾಡುತ್ತಿದ್ದ. ಸೈಕಲ್ ದಾಟಿದ ಮೇಲೆ ಓರೆಗಣ್ಣಲ್ಲಿ ಅದರ ಹಿಂದಿನ ಕೆಂಪು ದೀಪ ನೋಡಿ ಹೊರಗೆ ಬರುತ್ತಿದ್ದ. ಊರಿನ ಬಾರ್‌ನಲ್ಲಿ ಇದೊಂದು ತಮಾಷೆಯಾಗಿತ್ತು. ಇವತ್ತು ಗಾಡಿ ಹೊತ್ತಿಗೆ ಸರಿಯಾಗಿ ಬಂತಾ ಎಂದು ಕಿಚಾಯಿಸಿದರೆ, ಸ್ವಲ್ಪ ಲೇಟು ಎಂದು ಗಂಭೀರವಾಗಿ ಹೇಳುತ್ತಿದ್ದ. ಒರೋಸಿಯಾಳೂ ನಗುತ್ತಿದ್ದಳು. ಆದರೆ ಬಾಡಿಗೆಗೆ ಹೋಗುವ ಪ್ರತಿ ಸೈಕಲ್ಲಿನ ಹಿಂದೆಯೂ ಕೆಂಪು ದೀಪ ಉರಿಯುತ್ತಿದೆಯೇ ಎಂದು ತಾನೇ ಬಗ್ಗಿ ನೋಡುತ್ತಿದ್ದಳು. ಅದು ಕಾನೂನು ಎಂದು ಗಿರಾಕಿಗಳಿಗೆ ಹೇಳುತ್ತಿದ್ದಳು.

ಆ ದಿನ ಅಕ್ಟೋಬರ್ ಕೊನೆಯ ಚಳಿಗಾಳಿ ಬೀಸುತ್ತಿತ್ತು. ಇನ್ನು ಯಾರೂ ಬರುವುದಿಲ್ಲವೆಂದು ದೀಪಗಳನ್ನೆಲ್ಲ ಬಿಚ್ಚಿ ಚಾರ್ಜಿಗೆ ಹಾಕಿದ್ದಳು. ಅಷ್ಟರಲ್ಲಿ ಸರಗೋಸಾ ಪಟ್ಟಣದಿಂದ ಬಂದಿದ್ದ ಸಣಕಲು ಮನುಷ್ಯನೊಬ್ಬ, ದಾರಿಯ ಆಚೆ ತುದಿ ಮುಟ್ಟಿ ಬಂದುಬಿಡುತ್ತೇನೆ, ಒಂದು ಸೈಕಲ್ ಕೊಡಿ ಎಂದ. ಮುಂದಿನ ದೀಪ ಒಂದು ಸಿಕ್ಕಿತು. ಹಿಂದಿನ ಕೆಂಪು ದೀಪಗಳಿಗೆ ಇನ್ನೂ ಚಾರ್ಜು ಏರಿರಲಿಲ್ಲ. ಅವಳು ಅನುಮಾನಿಸಿದಳು. ಇಂಥ ದಾರಿಯಲ್ಲಿ ನನ್ನ ಹಿಂದೆ ಯಾರಮ್ಮಾ ಬರ್ತಾರೆ ಎಂದು ಅವನು ನಕ್ಕ. ಮಕಾರಿಯೊ ಇನ್ನೂ ಊಟದ ಮೇಜಿನ ಮುಂದೆ ತೂಕಡಿಸುತ್ತಿದ್ದ. ಹೋಗಲಿ ಎಂದು ಕೊಟ್ಟುಬಿಟ್ಟಳು. ಪಾತ್ರೆ ತೊಳೆದು ತಿರುಗಿ ನೋಡಿದಾಗ ಮಕಾರಿಯೊನ ಕುರ್ಚಿ ಖಾಲಿಯಿತ್ತು. ಊರುಗೋಲೂ ಇರಲಿಲ್ಲ.

ಆ ಮನುಷ್ಯ ಸಂಜೆ ಬಿಸಿಲು ಗುಡ್ಡದ ತಲೆಗೆ ಏರಿದಾಗ ಬಂದು ಸೈಕಲ್ ಒಪ್ಪಿಸಿದ. ಕಾರಿನ ಬಾಗಿಲು ತೆಗೆಯುತ್ತಾ, "ಒಳಗೆ ಒಬ್ಬರು ಅಜ್ಜ ಗೋಡೆಗೆ ಮುಖ ಮಾಡ್ಕೊಂಡು ನಿಂತಿದ್ರು. ಮಾತಾಡಿಸಿದ್ರೂ ತಿರುಗಿ ನೋಡಲಿಲ್ಲ. ನನಗೆ ಎದೆ ಧಸಕ್ಕಂತು" ಎಂದ. ಹೇಳಿದವನು ಹೊರಟೇ ಹೋದ. ಅವನ ಕಾರು ಸೇತುವೆ ದಾಟಿದ ಮೇಲೆ ಒರೋಸಿಯಾಳಿಗೆ ವಿಷಯ ತಲೆಗೆ ಹೋಯಿತು. ದೀಪವಿಲ್ಲದ ಗಾಡಿಯನ್ನು ಕಳಿಸಿದವಳು ತಾನೇ. ಮಕಾರಿಯೊನ ಪಾಲಿಗೆ ಆ ಗಾಡಿ ಇನ್ನೂ ಪೂರ್ತಿ ಹೋಗಿಲ್ಲ. ಇವತ್ತು ಇನ್ನೊಂದು ಗಾಡಿ ಬರುವುದೂ ಇಲ್ಲ.

ಸುರಂಗದ ಬಾಯಲ್ಲಿ ನಿಂತು ಕೂಗಿದಳು. ಅವಳ ದನಿಯೇ ತಿರುಗಿ ಬಂತು. ಊರಿಗೆ ಓಡಿ ಜನ ಕರೆತರಬಹುದಿತ್ತು. ಆದರೆ ಅಷ್ಟು ಹೊತ್ತು ಆ ಒದ್ದೆ ಗೋಡೆಗೆ ಅಂಟಿಕೊಂಡು ನಿಂತರೆ ಅವನು ಉಳಿಯುವುದಿಲ್ಲ. ಹೋದ ಚಳಿಗಾಲದಲ್ಲಿ ನ್ಯುಮೋನಿಯಾ ಬಂದು ಬದುಕಿದ್ದೇ ಹೆಚ್ಚು. ಬೆಳಕಿಗೆಂದು ಒಂದು ಸೈಕಲ್ಲಿಗೆ ಹಿಂದೆ ಮುಂದೆ ದೀಪ ಸಿಕ್ಕಿಸಿ, ದೇವರನ್ನೂ ಅಪ್ಪನನ್ನೂ ಒಟ್ಟಿಗೆ ನೆನೆದು, ಅದನ್ನು ತಳ್ಳಿಕೊಂಡು ಒಳಗೆ ಹೆಜ್ಜೆ ಇಟ್ಟಳು.

ಒಳಗೆ ಹಳೇ ಹೊಗೆಯ ವಾಸನೆ ಇನ್ನೂ ಇತ್ತು. ಅಥವಾ ಅವಳ ಮೂಗಿನಲ್ಲಿತ್ತೋ ಏನೋ. ಮೇಲಿಂದ ನೀರು ಕುತ್ತಿಗೆಯ ಮೇಲೆ ತೊಟ್ಟಿಕ್ಕಿದಾಗಲೆಲ್ಲ ಜೀವ ಬಾಯಿಗೆ ಬರುತ್ತಿತ್ತು. ತಿರುವಿನ ಹತ್ತಿರ ಗೂಡಿನಲ್ಲಿ ಅವನು ಕಂಡ. ಕರವಸ್ತ್ರ ಮೂಗಿಗೆ ಒತ್ತಿಕೊಂಡಿದ್ದ, ಭುಜ ಗಡಗಡ ನಡುಗುತ್ತಿತ್ತು.

"ಮಕಾರಿಯೊ, ನಾನು. ಬಾ, ಮನೆಗೆ ಹೋಗೋಣ" ಎಂದು ತೋಳು ಹಿಡಿದಳು.

ಅವನು ಅವಳನ್ನು ಒಳಗೆಳೆದು ಗೋಡೆಗೆ ಒತ್ತಿದ. ಸೈಕಲ್ ಉರುಳಿ ಬಿತ್ತು. "ಹೊರಗೆ ನಿಲ್ಲಬೇಡಿ ತಾಯಿ. ಮುಂದಿನ ಬೋಗಿ ಹೋಗಿವೆ, ಹಿಂದಿನವು ಬಂದಿಲ್ಲ" ಎಂದ.

ಅದೇ ತಣ್ಣನೆಯ ಕಲ್ಲು, ಅದೇ ಕತ್ತಿನ ಮೇಲಿನ ಗಂಡಸಿನ ಕೈ. ತನಗೆ ಎಪ್ಪತ್ತು ದಾಟಿದೆ ಎಂಬುದೇ ಅವಳಿಗೆ ಮರೆತುಹೋಯಿತು. ಕಣ್ಣು ಮುಚ್ಚಿ ಕಿವಿಗೊಟ್ಟಳು. ಏನೂ ಇಲ್ಲ, ಮೌನ. ಹಳಿ ಕಿತ್ತು ಎಷ್ಟೋ ಕಾಲವಾಯಿತೆಂದು ಗೊತ್ತಿದ್ದವಳಿಗೂ ಆ ಮೌನದಲ್ಲಿ ಏನೋ ಉರುಳಿ ಬರುತ್ತಿದೆ ಅನ್ನಿಸಿತು. ಗೋಗರೆದಳು, ಬೈದಳು, ಹೆಸರು ಹಿಡಿದು ಕೂಗಿದಳು. ಅವನದು ಒಂದೇ ಮಾತು, ಕೆಂಪು ದೀಪ ಹೋಗಲಿ.

ನೆಲದ ಮೇಲೆ ಬಿದ್ದಿದ್ದ ಸೈಕಲ್ಲಿನ ಹಿಂದಿನ ದೀಪ ಉರಿಯುತ್ತಲೇ ಇತ್ತು. ಅದನ್ನು ಬಿಚ್ಚಿ ಎತ್ತಿ ತೋರಿಸಿದರೆ ಅವನು ಅಲ್ಲವೆಂದು ತಲೆಯಾಡಿಸಿದ. ಅವನ ಲೆಕ್ಕದಲ್ಲಿ ಕೈಯಲ್ಲಿರುವುದು ಗಾರ್ಡಿನ ಲಾಟೀನು, ಗಾಡಿಯ ದೀಪವಲ್ಲ. ಗಾಡಿ ಆಚೆ ಬದಿಯಿಂದ ಬಂದದ್ದು, ಅದರ ಬಾಲ ಆಚೆಯಿಂದಲೇ ಬಂದು ಈಚೆಗೆ ಹೋಗಬೇಕು. ಅಂದರೆ ಅವಳು ಮೊದಲು ಇನ್ನೂ ಒಳಗೆ, ತಿರುವಿನಾಚೆಗೆ, ಸುರಂಗದ ಬಾಯಿಯ ಬೆಳಕು ಒಂದು ಚುಕ್ಕಿಯಷ್ಟೂ ಕಾಣದ ಕಡೆಗೆ ಹೋಗಬೇಕು.

ಕೈ ಕಿತ್ತುಕೊಂಡು, ದೀಪವನ್ನು ಮತ್ತೆ ಸಿಕ್ಕಿಸಿ, ಸೈಕಲ್ ತಳ್ಳುತ್ತಾ ಹೊರಟಳು. ಅವನು ಹಿಂದಿನಿಂದ ಓಡಬೇಡಿ ತಾಯಿ ಎಂದು ಕೂಗುವುದು ಕೇಳಿಸುತ್ತಿತ್ತು. ತಿರುವು ದಾಟಿದ ಮೇಲೆ ಅದೂ ಕೇಳಿಸಲಿಲ್ಲ. ಸೈಕಲ್ ತಿರುಗಿಸುವಾಗ ದೀಪದ ಬೆಳಕು ಗೋಡೆಯ ಮೇಲೆಲ್ಲ ಕುಣಿಯಿತು. ಸೀಟಿನ ಮೇಲೆ ಕೂತು ಪೆಡಲ್ ತುಳಿದಳು. ಜಲ್ಲಿ ಕರಕರ ಎಂದು ಸದ್ದು ಮಾಡಿತು, ಸುರಂಗ ಆ ಸದ್ದನ್ನು ಹತ್ತು ಪಟ್ಟು ಮಾಡಿತು. ಬೆನ್ನ ಹಿಂದೆ ಉಳಿದ ಕತ್ತಲೆಲ್ಲ ಅಟ್ಟಿಸಿಕೊಂಡು ಬರುತ್ತಿದೆ ಅನ್ನಿಸಿತು. ಗೂಡಿನ ಪಕ್ಕ ಹಾದಾಗ ಅವನತ್ತ ನೋಡಲಿಲ್ಲ, ನಿಲ್ಲಲಿಲ್ಲ. ನಿಂತರೆ ಅದು ಗಾಡಿಯಾಗುವುದಿಲ್ಲ. ಅವನು ಬರದಿದ್ದರೆ ಏನು ಮಾಡಲಿ ಎಂದುಕೊಳ್ಳುತ್ತಲೇ ತುಳಿದಳು.

ಸುರಂಗದ ಬಾಯಿಗೆ ಬಂದು ಇಳಿದು, ಕಮಾನಿಗೆ ಒರಗಿ ಉಸಿರು ಬಿಗಿಹಿಡಿದು ಕೇಳಿದಳು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಜಲ್ಲಿಯ ಮೇಲೆ ಊರುಗೋಲಿನ ಸದ್ದು ಕೇಳಿತು.

ಮಕಾರಿಯೊ ಹೊರಗೆ ಬಂದ. ತುಟಿ ನೀಲಿಯಾಗಿತ್ತು. ಅವಳನ್ನು ನೋಡಿದವನೇ, "ಒರೋಸಿಯಾ, ಇಲ್ಲೇನು ಮಾಡ್ತಿದ್ದೀಯ? ನಿನಗೆ ಇದರ ಹತ್ತಿರ ಬಂದರೇ ಹೆದರಿಕೆಯಲ್ವಾ?" ಎಂದ. ಅವನ ಬಾಯಲ್ಲಿ ತನ್ನ ಹೆಸರು ಕೇಳಿ ಅವಳಿಗೆ ಅಳು ಉಕ್ಕಿತು. ತನ್ನ ಶಾಲನ್ನು ಅವನ ಹೆಗಲಿಗೆ ಸುತ್ತಿ, ಸೂಪು ಬಿಸಿ ಮಾಡುತ್ತೇನೆ, ನಡಿ ಎಂದಳು. ಅವನು ನಾಲ್ಕು ಹೆಜ್ಜೆ ಬಂದು ನಿಂತುಬಿಟ್ಟ. ಸುರಂಗದ ಕಡೆ ತಿರುಗಿದ.

"ಒಳಗೆ ಒಬ್ಬ ಹೆಂಗಸಿದ್ಳು" ಎಂದ. "ಪಾಪ, ಎಷ್ಟು ನಡುಗ್ತಿದ್ಳು. ಗಾಡಿ ಹೋಗಲಿ ಅಂದೆ, ಕೇಳಲಿಲ್ಲ, ಕತ್ತಲಿಗೆ ಓಡಿಹೋದ್ಳು. ಅವಳು ಹೊರಗೆ ಬರಲಿಲ್ಲ ಒರೋಸಿಯಾ. ನಾನು ಹೋಗಿ ನೋಡಬೇಕು."

ಅವನಾಗಲೇ ಊರುಗೋಲನ್ನು ಒಳಮುಖವಾಗಿ ಊರಿದ್ದ. ಒರೋಸಿಯಾ ಅವನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

"ಬಂದ್ಳು" ಎಂದಳು. "ನಿನಗಿಂತ ಮುಂಚೆಯೇ ಬಂದ್ಳು. ನಾನು ನೋಡಿದೆ."

"ಕಣ್ಣಾರೆ ನೋಡಿದ್ಯಾ?"

"ನೋಡಿದೆ. ಮನೆಗೆ ಹೋದ್ಳು."

ಅವನು ನಂಬಿದನೋ ಇಲ್ಲವೋ, ಅವಳ ಜೊತೆ ಮನೆಯ ಕಡೆ ನಡೆದ. ಆದರೆ ದಾರಿಯುದ್ದಕ್ಕೂ ಮತ್ತೆ ಮತ್ತೆ ಹಿಂತಿರುಗಿ ನೋಡುತ್ತಲೇ ಇದ್ದ, ಮತ್ತು ಅವನು ತಿರುಗಿದಾಗಲೆಲ್ಲ ಒರೋಸಿಯಾಳೂ ತಿರುಗಿ ನೋಡುತ್ತಿದ್ದಳು.