ಇದು ಯಾವ ಪರವಾಗಿಲ್ಲ?

ನಮ್ಮ ಯಜಮಾನರ ಬಾಯಲ್ಲಿ ಮೆಚ್ಚುಗೆಗೆ ಇರುವುದು ಒಂದೇ ಮಾತು, ಪರವಾಗಿಲ್ಲ. ಬೇಸರಕ್ಕೂ ಅದೇ, ಸಿಟ್ಟಿಗೂ ಅದೇ. ಉಪ್ಪು ಮರೆತ ಸಾರಿಗೂ ಪರವಾಗಿಲ್ಲ, ಯುಗಾದಿಯ ಹೋಳಿಗೆಗೂ ಪರವಾಗಿಲ್ಲ. ನಾನು ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟುಕೊಂಡವಳು. ಅಂಗಡಿಗೆ ಬಂದ ಹೆಂಗಸರು ಕನ್ನಡಿ ಮುಂದೆ ನಿಂತು, "ಸೂಪರ್ ಆಗಿದೆ ಸುಮನಾ, ನಿನ್ ಕೈಗೆ ಚಿನ್ನದ ಬಳೆ ಹಾಕ್ಬೇಕು" ಎಂದು ಹೊಗಳಿ ಹೋಗುತ್ತಾರೆ. ಮನೆಗೆ ಬಂದರೆ ಈ ಮಹಾಶಯರದ್ದು ಪರವಾಗಿಲ್ಲ. ಮೈ ಉರಿಯುವುದಿಲ್ಲವೇ, ನೀವೇ ಹೇಳಿ.

ನನ್ನನ್ನು ನೋಡಲು ಬಂದ ದಿನವೂ ಇದೇ ರಾಮಾಯಣ. ಉಪ್ಪಿಟ್ಟು ಕೇಸರಿಬಾತು ಆದ ಮೇಲೆ ಯಾರೋ ಹಿರಿಯರು, "ಹುಡ್ಗಿ ಹೆಂಗೆ ಮಲ್ಲಿಕಾರ್ಜುನ?" ಎಂದು ಎಲ್ಲರೆದುರೇ ಕೇಳಿದರು. ಇವರು ನೆಲ ನೋಡಿಕೊಂಡು, "ಪರವಾಗಿಲ್ಲ" ಎಂದರು. ನಮ್ಮಪ್ಪ ಶಿವರಾಮಯ್ಯನವರ ಮುಖ ಕೆಂಪಾಯಿತು. ಎದ್ದೇ ಬಿಡುತ್ತಿದ್ದರು, ಅಷ್ಟರಲ್ಲಿ ನಮ್ಮತ್ತೆ ತಿಪ್ಪಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಬಂದು, "ಬ್ಯಾಸ್ರ ಮಾಡ್ಕಬೇಡಿ ಬೀಗ್ರೇ, ನಮ್ ಹುಡ್ಗ ಹಂಗಂದ ಅಂದ್ರೆ ಒಪ್ಪವ್ನೆ ಅಂತ" ಎಂದು ಸಮಾಧಾನ ಮಾಡಿದರು. ಮದುವೆ ಆಯಿತು. ನಾನು ಮಾತ್ರ ಆ ಪರವಾಗಿಲ್ಲದ ಜೊತೆಗೇ ಸಂಸಾರ ಮಾಡುತ್ತಾ ಬಂದೆ.

ಇಂಥ ಮನುಷ್ಯ ಬಿಯರ್ ರಸಿಕರಾದರು ಎಂದರೆ ಯಾರು ನಂಬುತ್ತಾರೆ? ಸತ್ಯಮಂಗಲದ ಒಂದು ಸಣ್ಣ ಕಾರ್ಖಾನೆಯಲ್ಲಿ ಇವರು ಸ್ಟೋರ್ ಇನ್‌ಚಾರ್ಜ್. ಒಮ್ಮೆ ದೊಡ್ಡ ಆರ್ಡರ್ ಸಿಕ್ಕಿದ ಖುಷಿಗೆ ಮಾಲೀಕರು ಎಲ್ಲರನ್ನೂ ಗುಬ್ಬಿ ರಸ್ತೆಯ 'ನೊರೆ' ಎಂಬ ಬ್ರೂವರಿಗೆ ಕರೆದುಕೊಂಡು ಹೋದರು. ಅಲ್ಲೇ ಹಿಂದುಗಡೆ ದೊಡ್ಡ ದೊಡ್ಡ ಸ್ಟೀಲ್ ಹಂಡೆಗಳಲ್ಲಿ ಬಿಯರ್ ಮಾಡುತ್ತಾರೆ, ಮುಂದುಗಡೆ ನಲ್ಲಿ ತಿರುಗಿಸಿ ಲೋಟಕ್ಕೆ ಕೊಡುತ್ತಾರೆ. ಬಾಟಲಿ ಬಿಯರನ್ನು ಕಣ್ಣೆತ್ತಿಯೂ ನೋಡದ ಮನುಷ್ಯ ಅವತ್ತಿನಿಂದ ಶನಿವಾರ ಸಂಜೆಯಾದರೆ ಇಸ್ತ್ರಿ ಶರ್ಟು ಹಾಕಿಕೊಳ್ಳತೊಡಗಿದರು. ನನಗೆ ಅನುಮಾನ ಬಂದು, ಕಾರಿನ ಕೀ ಕಿತ್ತುಕೊಂಡು, "ನಡೀರಿ, ನಾನೂ ಬರ್ತೀನಿ" ಎಂದು ಹೊರಟೆ. ಜಗಳ ಮಾಡಲೆಂದೇ ಹೋದವಳು ನಾನು. ಹೋಗಿ ನೋಡಿದರೆ ಒಂದೇ ಒಂದು ಲೋಟ ಮುಂದಿಟ್ಟುಕೊಂಡು ಗುಟುಕು ಗುಟುಕಾಗಿ ಕುಡಿಯುತ್ತಾ, ಪಕ್ಕದವರ ಮಾತು ಕೇಳುತ್ತಾ ಮಗುವಿನ ಹಾಗೆ ಕೂತಿದ್ದಾರೆ. ಇದಕ್ಕೇನು ಜಗಳ ಮಾಡುವುದು? ಅಂದಿನಿಂದ ನಾನೇ ಡ್ರೈವರ್. ನನ್ನ ಪಾಲಿಗೆ ನಿಂಬೆಹಣ್ಣಿನ ಸೋಡಾ, ಮಸಾಲೆ ಕಡಲೆಬೀಜ.

ಆ ಮೇಜಿನ ಮಾತುಗಳನ್ನು ನೀವು ಕೇಳಬೇಕು. ಬಿ.ಎಚ್. ರಸ್ತೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇರುವ ಚಂದ್ರು ಒಬ್ಬ, ಬ್ಯಾಂಕಿನಲ್ಲಿ ಕೆಲಸ ಮಾಡುವ ನಮ್ಮ ಬೀದಿಯ ಹರ್ಷಿತಾ ಒಬ್ಬಳು. ಕುಣಿಗಲ್ ರಸ್ತೆಯ 'ಕುದುರೆ ಲಾಯ', ಕೋರದ ಹತ್ತಿರ ಹೈವೇ ಮೇಲಿರುವ 'ಹನ್ನೆರಡನೇ ಮೈಲಿ', ಈ 'ನೊರೆ', ಮೂರನ್ನೂ ಸುತ್ತಿ ಬಂದು ಇವರು ಮಾಡುವ ವಾದ ವಿಧಾನಸಭೆಯಲ್ಲೂ ನಡೆಯಲಾರದು. ಲಾಯದ ಗೋಧಿ ಬಿಯರಿನಲ್ಲಿ ಬಾಳೆಹಣ್ಣಿನ ವಾಸನೆ ಬರುತ್ತದೆ ಎನ್ನುವುದನ್ನು ಎಲ್ಲರೂ ಒಪ್ಪುತ್ತಾರೆ. ಯಾವ ಬಾಳೆಹಣ್ಣು ಎನ್ನುವುದಕ್ಕೆ ಯುದ್ಧ.

"ಪಚ್ಚಬಾಳೆ ಕಣಮ್ಮ, ಮೂಗೇನ್ ಕಟ್ಟೈತಾ ನಿಂಗೆ?" ಎಂದು ಚಂದ್ರು ಮೇಜು ಕುಟ್ಟುತ್ತಾನೆ.

"ಏಲಕ್ಕಿ ಬಾಳೆ ಅಣ್ಣಾ! ಪಚ್ಚಬಾಳೆ ಥರ ಇದ್ರೆ ನಾನ್ ಮುಟ್ತಾನೇ ಇರ್ಲಿಲ್ಲ" ಎಂದು ಹರ್ಷಿತಾ ಸೆಟೆದು ಕೂರುತ್ತಾಳೆ.

ಚಂದ್ರುವಿಗೆ ಬಿಯರ್ ಎಂದರೆ ಹಾಗಲಕಾಯಿ ಪಲ್ಯದಷ್ಟು ಕಹಿ ಇರಬೇಕು. ಅದಕ್ಕೇ ಅವನಿಗೆ ಹನ್ನೆರಡನೇ ಮೈಲಿಯೇ ಸ್ವರ್ಗ. ಹರ್ಷಿತಾಗೆ ಕಾಫಿಪುಡಿ ಹುರಿದ ವಾಸನೆಯ ಕಪ್ಪು ಬಿಯರ್ ಆಗಬೇಕು, ಫೋಟೋದಲ್ಲಿ ನೊರೆ ಚೆನ್ನಾಗಿ ಕಾಣಬೇಕು. ಇಬ್ಬರೂ ಕಿತ್ತಾಡಿ ಸುಸ್ತಾಗಿ ಕೊನೆಗೆ ನಮ್ಮವರ ಕಡೆ ತಿರುಗುತ್ತಾರೆ. "ಮಲ್ಲಣ್ಣ, ನೀವ್ ಹೇಳಿ." ಇವರು ಲೋಟ ಕೆಳಗಿಟ್ಟು ಮೀಸೆ ಒರೆಸಿಕೊಂಡು, "ಪರವಾಗಿಲ್ಲ" ಎನ್ನುತ್ತಾರೆ. ತಕ್ಷಣ ಇಬ್ಬರೂ ನನ್ನ ಮುಖ ನೋಡುತ್ತಾರೆ.

"ಅತ್ತಿಗೆ, ಇದು ಯಾವ ಪರವಾಗಿಲ್ಲ?"

ಅದರಲ್ಲಿ ನಾನು ಪಂಡಿತೆ. ಥಟ್ಟನೆ ಅಂದರೆ ಕೆಟ್ಟದಾಗಿದೆ ಎಂದು. 'ಹೂಂ' ಸೇರಿಸಿ ಅಂದರೆ ಜನ್ಮದಲ್ಲಿ ಇನ್ನೊಮ್ಮೆ ಮುಟ್ಟುವುದಿಲ್ಲ ಎಂದು. ಕೊನೆಯ ಅಕ್ಷರ ಎಳೆದು, ಕಣ್ಣು ಲೋಟದ ಮೇಲೇ ಇದ್ದರೆ ಮನಸಾರೆ ಒಪ್ಪಿದ್ದಾರೆ ಎಂದು. ನಾನು ಅರ್ಥ ಹೇಳುವುದು, ಅವರು ನಗುವುದು, ಇವರು ಸುಮ್ಮನೆ ಕಡಲೆಬೀಜ ತಿನ್ನುವುದು. ಹೀಗೆ ನಮ್ಮ ಶನಿವಾರಗಳು ಚೆನ್ನಾಗಿಯೇ ನಡೆಯುತ್ತಿದ್ದವು.

ಇಷ್ಟರ ನಡುವೆ ಒಂದು ಭಯ ಇತ್ತು. ಅದು ನಮ್ಮತ್ತೆ. ಗುಬ್ಬಿಯಲ್ಲಿ ಭಾವನ ಮನೆಯಲ್ಲಿದ್ದಾರೆ. ಬೆಳಿಗ್ಗೆ ಲಿಂಗಪೂಜೆ ಆಗದೆ ನೀರು ಮುಟ್ಟುವವರಲ್ಲ, ಮಠದ ದಾಸೋಹಕ್ಕೆ ರಾಗಿ ಕಳಿಸದ ವರ್ಷವಿಲ್ಲ. ಮಗ ಬಿಯರ್ ಕುಡಿಯುತ್ತಾನೆ ಎಂದು ಗೊತ್ತಾದರೆ? ಶನಿವಾರ ಸಂಜೆ ಅವರ ಫೋನ್ ಬಂದಾಗಲೆಲ್ಲ ಇವರು ಬೆಚ್ಚಿಬಿದ್ದು ಫೋನನ್ನು ನನ್ನ ಕಡೆ ತಳ್ಳುತ್ತಿದ್ದರು. "ಮೀಟಿಂಗಲ್ಲವ್ರೆ ಅತ್ತೆ" ಎಂದು ನಾನು ಹೇಳುತ್ತಿದ್ದೆ. ಮೀಟಿಂಗ್ ಅಂತೂ ಸುಳ್ಳಲ್ಲ, ಬಿಡಿ.

ಹೀಗಿರುವಾಗ ನೊರೆಯಲ್ಲಿ ರಾಗಿ ಬಿಯರ್ ಬಂತು. ಮಾಡಿದವಳು ಕೃತಿಕಾ, ಅಲ್ಲಿನ ಬಿಯರ್ ಮಾಡುವ ಕೆಲಸವೆಲ್ಲ ಅವಳದೇ. ಕೋರದ ಹುಡುಗಿ. ತಮ್ಮ ಹೊಲದ ರಾಗಿಯನ್ನೇ ತಂದು ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಮಾಡಿದ್ದಳು. ಮೊದಲ ಲೋಟ ತಾನೇ ತಂದು ಮೇಜಿನ ಮೇಲಿಟ್ಟು, ಪರೀಕ್ಷೆ ರಿಸಲ್ಟ್ ಕಾಯುವವಳ ಹಾಗೆ ನಿಂತಳು.

"ದುಡ್ಡು ಕೊಟ್ಟು ಅಂಬ್ಲಿ ಕುಡಿಯೋಕೆ ಇಲ್ಲಿಗ್ಯಾಕೆ ಬರ್ಬೇಕಿತ್ತು ತಾಯಿ?" ಎಂದ ಚಂದ್ರು.

"ಟೇಸ್ಟ್ ಓಕೆ. ಫೋಟೋದಲ್ಲಿ ಮಾತ್ರ ಕೆರೆ ನೀರು" ಎಂದಳು ಹರ್ಷಿತಾ.

ಇವರು ಕುಡಿದರು. ಇನ್ನೊಂದು ಗುಟುಕು ಕುಡಿದರು. ಕಣ್ಣು ಮುಚ್ಚಿ ಕೂತರು. ಆಮೇಲೆ ಉಸಿರು ಬಿಟ್ಟು, "ಪರವಾಗಿಲ್ಲಾಆ" ಎಂದರು. ಅಷ್ಟು ಉದ್ದದ ಪರವಾಗಿಲ್ಲವನ್ನು ನಾನು ನನ್ನ ಇಡೀ ಸಂಸಾರದಲ್ಲಿ ಕೇಳಿರಲಿಲ್ಲ. ನಿಜ ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚಾಯಿತು.

ಊರಿನವರಿಗೆ ಅದು ರುಚಿಸಲಿಲ್ಲ. ಒಂದು ಶನಿವಾರ ನೊರೆಯ ಮಾಲೀಕ ಗಂಗಾಧರ್ ನಮ್ಮ ಮೇಜಿಗೆ ಬಂದು ಸುದ್ದಿ ಹೇಳಿದರು. ರಾಗಿ ಬಿಯರ್ ನಿಲ್ಲಿಸಿ ಆ ನಲ್ಲಿಗೆ ಮಾವಿನಹಣ್ಣಿನದು ಹಾಕುತ್ತಾರಂತೆ. ಮುಂದಿನ ಶನಿವಾರ ಖಾಯಂ ಗಿರಾಕಿಗಳ ಅಭಿಪ್ರಾಯ ವಿಡಿಯೋ ಮಾಡಿ ಇನ್‌ಸ್ಟಾಗ್ರಾಮಿಗೆ ಹಾಕಿ, ಆಮೇಲೆ ತೀರ್ಮಾನವಂತೆ. ಕೃತಿಕಾ ಅಲ್ಲೇ ನಿಂತಿದ್ದಳು, ಮುಖ ಬಾಡಿತ್ತು. ಅದನ್ನು ನೋಡಿ ಗಂಗಾಧರ್ ತಮಾಷೆಗೆ, "ಹೋಗ್ಲಿ ಬಿಡಮ್ಮ, ನಮ್ ಮಲ್ಲಣ್ಣ ಕ್ಯಾಮೆರಾ ಮುಂದೆ ಬಾಯ್ಬಿಟ್ಟು 'ಚೆನ್ನಾಗಿದೆ' ಅಂತ ಹೇಳ್ಲಿ, ಆ ನಲ್ಲಿ ಮುಚ್ಚೋದೇ ಇಲ್ಲ. ಇಷ್ಟು ಜನರ ಮುಂದೆ ಹೇಳ್ತಿದೀನಿ" ಎಂದರು. ಎಲ್ಲರೂ ಗೊಳ್ಳೆಂದು ನಕ್ಕರು. ಕೃತಿಕಾ ನಗಲಿಲ್ಲ.

"ಅಂಕಲ್, ಒಂದೇ ಒಂದ್ ಮಾತು" ಎಂದಳು ಮೆಲ್ಲಗೆ.

ಇವರು ಲೋಟ ಕೆಳಗಿಟ್ಟು ಎದ್ದರು. ಕಾರಿನಲ್ಲಿ ಬರುವಾಗ ಕಿಟಕಿ ಕಡೆ ನೋಡಿಕೊಂಡು, "ಯಶಸ್ವಿನಿ ಇನ್‌ಸ್ಟಾಗ್ರಾಮ್ ನೋಡ್ತಾಳೆ ಅಲ್ವಾ?" ಎಂದು ಕೇಳಿದರು. ಯಶಸ್ವಿನಿ ಎಂದರೆ ಗುಬ್ಬಿಯ ಭಾವನ ಮಗಳು. ಫೋನ್ ಅವಳ ಕೈಯಲ್ಲಿ, ಅಜ್ಜಿಯ ಕಣ್ಣು ಫೋನಿನ ಮೇಲೆ. ಹೇಳಿದರೆ ಅವ್ವನಿಗೆ ಗೊತ್ತಾಗುತ್ತದೆ, ಹೇಳದಿದ್ದರೆ ಆ ಹುಡುಗಿಯ ಬಿಯರ್ ನಿಂತುಹೋಗುತ್ತದೆ. ಇಡೀ ವಾರ ಮನುಷ್ಯ ಸರಿಯಾಗಿ ಊಟ ಮಾಡಲಿಲ್ಲ. ಶುಕ್ರವಾರ ನಾನು ಕಾಜಾ ಹೊಲಿಯುತ್ತಾ ಕೂತಿದ್ದಾಗ ಅಂಗಡಿ ಬಾಗಿಲಲ್ಲಿ ಬಂದು ನಿಂತರು.

"ಸುಮಾ, ಏನ್ ಮಾಡ್ಲಿ ಹೇಳೇ."

ನನಗೆಲ್ಲಿತ್ತೋ ಸಿಟ್ಟು. "ನನ್ ಕೇಳ್ಬೇಡಿ ಕಣ್ರೀ. ಬಿಯರ್‌ಗೆ ಹೇಳೋಕೆ ಇಷ್ಟ್ ಒದ್ದಾಡ್ತಿದೀರಲ್ಲ, ಆ ಮಾತು ನನ್ಗೆ ಒಂದಿನ ಹೇಳಿದೀರಾ? ಈ ಕೈಯಲ್ಲಿ ಇಷ್ಟ್ ವರ್ಷ ಬೇಯ್ಸಿ ಹಾಕಿಲ್ವಾ ನಾನು?" ಎಂದುಬಿಟ್ಟೆ. ಇವರು ಬಂದ ದಾರಿಯಲ್ಲೇ ಹೊರಟುಹೋದರು. ಅಯ್ಯೋ ಅನ್ನಿಸಿತು, ಆದರೂ ಕರೆಯಲಿಲ್ಲ.

ಶನಿವಾರ ಕ್ಯಾಮೆರಾ ಬಂತು. ಚಂದ್ರು ಕೂದಲು ಬಾಚಿಕೊಂಡು ಬಂದು ಅಂಬಲಿ ಕಥೆಯನ್ನೇ ಹೇಳಿದ. ಹರ್ಷಿತಾ ಇಂಗ್ಲಿಷಿನಲ್ಲಿ ಏನೋ ಹೇಳಿದಳು. ನಮ್ಮವರ ಸರದಿ ಬಂತು. ಟೋಪಿ ಹಾಕಿಕೊಂಡು ಮುಖ ಮರೆಸಿ ಎಂದು ಚಂದ್ರು ಪಿಸುಗುಟ್ಟಿದ. ಇವರು ಬೇಡವೆಂದು ತಲೆಯಾಡಿಸಿ, ಕ್ಯಾಮೆರಾ ನೋಡಿ ಹೇಳಿದರು.

"ನನ್ ಹೆಸ್ರು ಮಲ್ಲಿಕಾರ್ಜುನ್. ಊರು ಗುಬ್ಬಿ. ಈ ರಾಗಿ ಬಿಯರ್ ಚೆನ್ನಾಗಿದೆ."

ಚಂದ್ರು ಶಿಳ್ಳೆ ಹಾಕಿದ. ಗಂಗಾಧರ್ ನಗುತ್ತಾ, "ಸೋತೆ ಸಾರ್. ಯಾಕೆ ಚೆನ್ನಾಗಿದೆ ಅಂತನೂ ಹೇಳ್ಬಿಡಿ" ಎಂದರು. ನಾನು ಇವರು ಎದ್ದು ಬರುತ್ತಾರೆ ಎಂದುಕೊಂಡೆ. ಬರಲಿಲ್ಲ.

"ನಮ್ ಮಗ್ಳು ಇಂಪನಾ ಮಗುವಾಗಿದ್ದಾಗ ನಮ್ಮನೆಯವಳು ರಾಗಿ ಮೊಳಕೆ ಕಟ್ಟಿ, ಹುರಿದು, ಬೀಸಿ, ಮಗುಗೆ ತಿನ್ಸೋ ಸರಿ ಮಾಡ್ತಿದ್ಲು. ತುಪ್ಪ ಹಾಕಿ. ಮಗು ಅರ್ಧ ತಿಂದು ಉಗಿದ್ಬಿಡೋದು. ಇವಳು ನೀರು ತರೋಕೆ ಒಳಗೆ ಹೋದಾಗ ಉಳಿದಿದ್ದು ನಾನ್ ತಿಂತಿದ್ದೆ. ಬಟ್ಲು ನೆಕ್ತಿದ್ದೆ. ಮಗು ಸ್ವಲ್ಪ ಕಮ್ಮಿ ತಿನ್ಲಿ ಅಂತ ಕಾಯ್ತಿದ್ದೆ. ಇದ್ರ ಕೊನೇ ಗುಟುಕಲ್ಲಿ ಆ ಘಮ ಇದೆ. ಆ ಸರಿ ಬಾಳಾ ಚೆನ್ನಾಗಿತ್ತು. ಅವಳಿಗೆ ಹೇಳಿಲ್ಲ."

ಕಳ್ಳ! ನನ್ನ ಮಗಳು ಬಟ್ಟಲು ಬಟ್ಟಲೇ ಖಾಲಿ ಮಾಡುತ್ತಾಳೆ ಎಂದು ನಾನು ಊರಿಗೆಲ್ಲ ಕೊಚ್ಚಿಕೊಂಡು ತಿರುಗಿದ್ದೆ. ಮಗು ಯಾಕೆ ಸಣಕಲಾಗಿದೆ ಎಂದು ಡಾಕ್ಟರ ಹತ್ತಿರ ಬೇರೆ ಓಡಿದ್ದೆ. ಬೈಯಬೇಕೆಂದು ಎದ್ದೆ. ಅಷ್ಟರಲ್ಲಿ ಕೃತಿಕಾ ಓಡಿಬಂದು ನನ್ನನ್ನೇ ತಬ್ಬಿಕೊಂಡು ಅತ್ತಳು. ಬಿಯರ್ ಮಾಡಿದವಳು ಅವಳು, ಹೊಗಳಿಸಿಕೊಂಡವಳು ನಾನು, ಇಬ್ಬರಿಗೂ ಅಳು.

ಮಾರನೆಯ ದಿನ ಬೆಳಿಗ್ಗೆ ಅತ್ತೆಯ ಫೋನ್ ಬಂತು. ಇವರು ಅಭ್ಯಾಸದಂತೆ ನನ್ನ ಕಡೆ ತಳ್ಳಿದರು. ನಾನು ವಾಪಸ್ ತಳ್ಳಿದೆ. "ಮೀಟಿಂಗ್ ಮುಗೀತು ಕಣ್ರೀ, ಮಾತಾಡಿ" ಎಂದೆ. ಸ್ಪೀಕರ್ ಒತ್ತಿ ಕಟ್ಟೆಯ ಮೇಲಿಟ್ಟು, ಮೇಷ್ಟ್ರ ಮುಂದೆ ನಿಂತ ಹಾಗೆ ಕೈಕಟ್ಟಿ ನಿಂತರು.

"ಏನ್ಲಾ, ಕುಡೀತೀಯಾ?"

"ಹೂಂ ಅವ್ವ."

"ಕೊರಳಲ್ಲಿ ಲಿಂಗ, ಕೈಯಲ್ಲಿ ಲೋಟ. ಯಶಸ್ವಿನಿ ತೋರಿಸ್ದಾಗ ನನ್ ಎದೆ ಧಸಕ್ ಅಂತು ಕಣ್ಲಾ. ನಾಚ್ಕೆ ಆಗ್ಲಿಲ್ವಾ?"

"ವಾರಕ್ಕೊಂದ್ ಲೋಟ ಅಷ್ಟೇ ಅವ್ವ."

"ವಾರಕ್ಕೊಂದಾದ್ರೂ ಕುಡ್ದಿದ್ದು ಕುಡ್ದಿದ್ದೇ. ಶನಿವಾರ ಭಾನುವಾರ ನಮ್ಮನೆ ಹೊಸ್ಲು ತುಳೀಬೇಡ. ಬರಂಗಿದ್ರೆ ಸೋಮವಾರ ತಲೆಗೆ ನೀರ್ ಹಾಕ್ಕಂಡ್ ಬಾ."

"ಆಗ್ಲವ್ವ."

ಅಷ್ಟಕ್ಕೇ ಮುಗಿಯಿತು ಎಂದು ನಾನು ನಿಟ್ಟುಸಿರು ಬಿಟ್ಟೆ. ಆದರೆ ಅತ್ತೆ ಫೋನ್ ಇಡಲಿಲ್ಲ.

"ಮಲ್ಲೀ."

"ಹೇಳವ್ವ."

"ನಿನ್ ಹೆಂಡ್ತಿ ಮಾಡಿದ್ ಸರಿ ಚೆನ್ನಾಗಿತ್ತು ಅಂದ್ಯಲ್ಲ. ಆ ಸರಿ ಮಾಡೋದ್ ಅವಳ್ಗೆ ಹೇಳ್ಕೊಟ್ಟೋಳು ನಾನು. ನಿಂಗೂ ಅದ್ನೇ ತಿನ್ಸಿದ್ದೆ. ಹೋಗ್ಲಿ, ಅದು ನಿಂಗ್ ಜ್ಞಾಪಕ ಇರಾಕಿಲ್ಲ ಬುಡು. ಆಮೇಲೆ ಇಷ್ಟ್ ವರ್ಸ ಮುದ್ದೆ, ಸಾರು ಮಾಡಿಕ್ಕಿದ್ನಲ್ಲ. ಅದು ಹೆಂಗಿತ್ತು?"

ಇವರು ಕಟ್ಟಿದ ಕೈ ಬಿಚ್ಚಿದರು. ನನ್ನ ಮುಖ ನೋಡಿದರು. ನಾನು ಏನೂ ಹೇಳಿಕೊಡಲಿಲ್ಲ.

"ಚೆನ್ನಾಗಿತ್ತವ್ವ. ಬಾಳಾ ಚೆನ್ನಾಗಿತ್ತು. ಸುಮಾ ಮಾಡೋದಕ್ಕಿಂತ ಚೆನ್ನಾಗಿತ್ತು."

ಬೇರೆ ದಿನವಾಗಿದ್ದರೆ ಸೌಟು ಹಾರುತ್ತಿತ್ತು. ಅವತ್ತು ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ.

"ಒಂದಿನ ಹೇಳ್ಬಾರ್ದಾಗಿತ್ತೇನ್ಲಾ?" ಎಂದರು ಅತ್ತೆ. "ನೀನ್ ಉಣ್ಣೋವಾಗ್ಲೆಲ್ಲ ಒಲೆ ಮುಂದೆ ಕೂತ್ಕಂಡು ನಿನ್ ಮುಖಾನೇ ನೋಡ್ತಿದ್ದೆ ಕಣ್ಲಾ."

ನಾನು ಫೋನಿನ ಹತ್ತಿರ ಬಾಗಿ, "ನಾನೂ ಅತ್ತೆ" ಎಂದೆ.