ಟ್ರಂಕಿನ ಸವತಿ

ಛಾಪ್ರಾದ ಗಿರಿಜಾನಂದನ ಬಾಬು ರೈಲು ಹತ್ತಿದರೆಂದರೆ ಮೊದಲ ಉಪಚಾರ ಟ್ರಂಕಿಗೇ. ಅದನ್ನು ಸೀಟಿನಡಿ ತಳ್ಳಿ, ಸರಪಳಿ ಸುತ್ತಿ, ಬೀಗ ಹಾಕಿ, ಮೂರು ಸಲ ಜಗ್ಗಿ ನೋಡಿ, ಕೀಲಿಯನ್ನು ಜನಿವಾರಕ್ಕೆ ಕಟ್ಟಿಕೊಳ್ಳುತ್ತಾರೆ. ಚೀಲಗಳಿಗೂ ಅದೇ ಸರಪಳಿ. ಹೆಂಡತಿ ಸುಭಾವತಿ ಎಲ್ಲಿ ಕೂತಳೆಂದು ತಿರುಗಿಯೂ ನೋಡುವುದಿಲ್ಲ. ಟ್ರಂಕಿನಲ್ಲಿರುವುದು ಹುರಿಗಡಲೆ ಹಿಟ್ಟು, ಎರಡು ಹಳೆ ಕಂಬಳಿ. ಆದರೂ ಅದನ್ನು ಕಂಡರೆ ಅವಳಿಗೆ ಸವತಿಯನ್ನು ಕಂಡಷ್ಟು ಹೊಟ್ಟೆಯುರಿ. "ಮೂವತ್ತು ವರ್ಷದಲ್ಲಿ ನನ್ನನ್ನ ಒಂದ್ಸಲ ಹೀಗೆ ಮುಟ್ಟಿ ನೋಡಿದ್ದುಂಟಾ?" ಎಂದರೆ, "ಸುಮ್ನಿರು, ಲೆಕ್ಕ ತಪ್ಪುತ್ತೆ" ಎನ್ನುತ್ತಾರೆ. ಪ್ರತಿ ನಿಲ್ದಾಣದಲ್ಲೂ ಟ್ರಂಕಿನಿಂದ ಶುರುಮಾಡಿ ಆರರವರೆಗೆ ಎಣಿಸುತ್ತಾರೆ. ಯಾವ ಆರೆಂದು ಅವಳು ಎಂದೂ ಕೇಳಿದವಳಲ್ಲ. ಇವತ್ತು ಅವಳು ಮುಖ ತೊಳೆದು ಬರುವಷ್ಟರಲ್ಲಿ ಬಾಬು ಎಲ್ಲರ ಕಾಲೆತ್ತಿಸಿ ಸೀಟಿನಡಿ ತಡಕಾಡುತ್ತಿದ್ದರು. "ಒಂದು ಕಡಿಮೆ ಇದೆ, ಯಾರೂ ಇಳೀಬೇಡಿ." ಎದುರಿನ ಮುದುಕಿ, "ಟ್ರಂಕು ಒಂದು, ಚೀಲ ನಾಲ್ಕು. ನೀನು ಹತ್ತಿದಾಗಿಂದ ಇರೋದೇ ಐದು ಕಣಪ್ಪ" ಎಂದಳು. ಬಾಬು ತಲೆಯೆತ್ತಿದರು, ಸುಭಾವತಿಯನ್ನು ಕಂಡು, "ಆರು" ಎಂದು ಉಸಿರುಬಿಟ್ಟು ಕೂತರು. ಅವಳು ಹಿಮ್ಮಡಿಯಿಂದ ಟ್ರಂಕಿಗೊಂದು ಒದೆ ಕೊಟ್ಟು ಪಕ್ಕದಲ್ಲಿ ಕೂತಳು. "ಇನ್ಮೇಲೆ ನನ್ನಿಂದ ಎಣಿಸೋಕೆ ಶುರುಮಾಡಿ."