ಹತ್ತಿ, ಹತ್ತಿರ, ಹತ್ತನೇ ಪಾಠ

ಬೆಳಗಿನ ಐದೂಕಾಲು. ಬೀದಿದೀಪಗಳು ಇನ್ನೂ ಆರಿಲ್ಲ. ಹಾಸಿಗೆ ಅಂಗಡಿಯ ಹಿಂದಿನ ಗೋದಾಮಿನಲ್ಲಿ ಐವತ್ತನಾಲ್ಕು ವರ್ಷದ ಹೆಂಗಸೊಬ್ಬರು ನಟ್ಟನಡುವೆ ನಿಂತು ಚಪ್ಪಾಳೆ ಹೊಡೆಯುತ್ತಾರೆ. ಒಂದೇ ಒಂದು. ಕತ್ತು ಓರೆ ಮಾಡಿ ಆಲಿಸುತ್ತಾರೆ. ಮುಖ ಹುಳ್ಳಗಾಗುತ್ತದೆ. ಎಡಮೂಲೆಯ ಗೋಡೆಗೆ ಇನ್ನೊಂದು ಹಾಸಿಗೆ ಎಳೆದು ಆನಿಸುತ್ತಾರೆ. ಮತ್ತೊಂದು ಚಪ್ಪಾಳೆ. ಈ ಸಲ ಮುಖ ಅರಳುತ್ತದೆ.

"ಚಪ್ಪಾಳೆ ಹೋಗ್ಬೇಕು, ವಾಪಸ್ ಬರಬಾರದು" ಎನ್ನುತ್ತಾರೆ. "ಕೊಟ್ಟಿದ್ದು ವಾಪಸ್ ಬರಲಿಲ್ಲ ಅಂತ ಖುಷಿಪಡೋ ಜಾಗ ಇದೊಂದೇ ನೋಡಿ."

ಸುತ್ತಮುತ್ತಲಿನವರ ಬಾಯಲ್ಲಿ ಇವರು ಹತ್ತಿಯಕ್ಕ. ಏಳು ಗಂಟೆಗೆ ಇವರ ಯಜಮಾನರು ಬಂದು ಅರಳೆ ಹಿಂಜುವ ಯಂತ್ರಕ್ಕೆ ಜೀವ ಕೊಟ್ಟರೆ ಗರಗರ-ಧಡ್, ಗರಗರ-ಧಡ್ ಎಂದು ಇಡೀ ಬೀದಿಯ ಹಲ್ಲು ಕಟಕಟಿಸುತ್ತದೆ. ಅದಕ್ಕೆ ಮುಂಚಿನ ಒಂದೂವರೆ ಗಂಟೆ ಮಾತ್ರ ಈ ಗೋದಾಮು ಪಾಡ್‌ಕಾಸ್ಟ್ ಮಾಡುವವರ ಸ್ಟುಡಿಯೋ. ಗೋಡೆಗೆ ಅರವತ್ತು ಹಾಸಿಗೆ, ನೆಲಕ್ಕೆ ಎರಡು ರಜಾಯಿ, ನಡುವೆ ಒಂದು ಮೇಜು, ಎರಡು ಕುರ್ಚಿ. ಔಷಧಿ ಅಂಗಡಿಯಾತ ಯಾವ ಮಾತ್ರೆ ಊಟಕ್ಕೆ ಮುಂಚೆ, ಯಾವುದು ಊಟವಾದ ಮೇಲೆ ಎಂದು ಇಲ್ಲಿ ಕೂತೇ ಹೇಳುತ್ತಾನೆ. ನಿವೃತ್ತ ಅಂಚೆಯಣ್ಣ ವಿಳಾಸ ತಪ್ಪಿದ ಕಾಗದಗಳ ಕತೆ ಇಲ್ಲೇ ಬಿಚ್ಚುತ್ತಾರೆ. ಒಟ್ಟು ಹದಿನಾಲ್ಕು ಪಾಡ್‌ಕಾಸ್ಟ್, ವಾರಕ್ಕೆ ಒಂಬತ್ತು ಕೂಟ. ಎಲೆಮರೆಯ ಕಾಯಿಗಳನ್ನು ಎಲ್ಲರೂ ಬಲ್ಲರು. ಇವರು ಹಾಸಿಗೆಮರೆಯ ಕಿವಿ.

ಹೊಸಬರು ಬಂದರೆ ಹತ್ತಿಯಕ್ಕ ಮೊದಲು ಕೇಳುವುದು ಬಜೆಟ್ಟು. ಅದಕ್ಕೆ ಅವರದೇ ಅಳತೆಗೋಲು: ಚಪ್ಪಲಿ ಬಜೆಟ್ಟೋ, ಸೈಕಲ್ ಬಜೆಟ್ಟೋ, ಫ್ರಿಜ್ ಬಜೆಟ್ಟೋ? ಒಂದು ಜೊತೆ ಒಳ್ಳೆಯ ಚಪ್ಪಲಿಗಾಗುವಷ್ಟೇ ಇದ್ದರೆ ಕೈಯಲ್ಲಿರುವ ಫೋನೇ ಸಾಕು, ಅಂಗಿಗೆ ಸಿಕ್ಕಿಸುವ ಗುಂಡಿಯಂಥ ಮೈಕೊಂದು ಬೇಕು. ಹಳೇ ಸೈಕಲ್ ಬರುವಷ್ಟಿದ್ದರೆ ಗಾಯಕರು ಕೈಯಲ್ಲಿ ಹಿಡಿಯುವಂಥ ಮೈಕು, ಅಂಗೈಯಗಲದ ರೆಕಾರ್ಡರು, ಒಂದು ಸ್ಟ್ಯಾಂಡು, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನು.

"ಫ್ರಿಜ್ ಬಜೆಟ್ಟಿನವರು ಬಂದ್ರೆ?" ಎಂದು ಕೇಳಿದರೆ ಉತ್ತರ ಸಿದ್ಧ.

"ಫ್ರಿಜ್ಜೇ ತಗೊಳ್ಳಿ ಅಂತೀನಿ. ಆದ್ರೆ ರೆಕಾರ್ಡ್ ಮಾಡುವಾಗ ಆಫ್ ಮಾಡಿ, ಇಲ್ಲಾಂದ್ರೆ ಮಾತಿನ ಹಿಂದೆ ಗುಂಯ್ ಅಂತ ತಂಬೂರಿ ಬಾರಿಸ್ತಾ ಇರುತ್ತೆ. ಮನೆ ಚಾವಿ ಅದರೊಳಗೇ ಇಡಿ. ಆಗ ಹೊರಗೆ ಹೋಗೋ ಹೊತ್ತಿಗೆ ಮತ್ತೆ ಆನ್ ಮಾಡೋದು ನೆನಪಾಗುತ್ತೆ. ನಮ್ಮನೇಲಿ ನೆನಪಾಗದೆ ಎರಡು ಸಲ ಹಾಲು ಒಡೆದಿದೆ."

ಯಾವ ಮೈಕು ಎಂಬ ಪ್ರಶ್ನೆಗೆ ಉತ್ತರ ಕೊಡುವ ರೀತಿಯೂ ಇವರದೇ. ಪೆಟ್ಟಿಗೆಯ ಮೇಲಿನ ಅಂಕಿಸಂಖ್ಯೆ ಓದುವುದಿಲ್ಲ, ಆ ಮೈಕಿನ ದನಿಯನ್ನೇ ಅನುಕರಿಸುತ್ತಾರೆ. ಮೂಗು ಹಿಡಿದುಕೊಂಡು, ತಲೆಯನ್ನು ಖಾಲಿ ಬಕೆಟ್ಟಿಗೆ ಬಗ್ಗಿಸಿ, "ನಮಸ್ಕಾರ ಕೇಳುಗರೇ" ಎನ್ನುತ್ತಾರೆ: ಅದು ಫೋನಿನ ಜೊತೆ ಪುಕ್ಕಟೆ ಬರುವ ಮೈಕು. ಆಮೇಲೆ ಕಣ್ಣರಳಿಸಿ, ಕೇಳುವವನ ಗಡಿಯಾರದ ಟಿಕ್‌ಟಿಕ್, ಹೊಟ್ಟೆಯ ಗುಡುಗುಡು, ಆಚೆ ಬೀದಿಯ ನಾಯಿಯ ಬೌ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಮಾಡಿ ತೋರಿಸುತ್ತಾರೆ: ಅದು ಸ್ಟುಡಿಯೋದ ದುಬಾರಿ ಮೈಕು.

"ಅದು ಚಾಡಿಕೋರ ನೆಂಟನ ಥರ. ಹೇಳಿದ್ದನ್ನೂ ಕೇಳ್ತಾನೆ, ಹೇಳದೆ ಇದ್ದಿದ್ದನ್ನೂ ಕೇಳ್ತಾನೆ, ಪಕ್ಕದ್ಮನೆ ಜಗಳಾನೂ ಕೇಳ್ತಾನೆ. ಗಾಯಕರ ಮೈಕು ಹಾಗಲ್ಲ, ಅದು ನಮ್ಮ ಯಜಮಾನ್ರ ಥರ. ಮುಂದೆ ಬಂದು ಕೂತು ಹೇಳಿದ್ರೆ ಮಾತ್ರ ಕೇಳ್ಸುತ್ತೆ. ಸಂಸಾರಕ್ಕೂ ಪಾಡ್‌ಕಾಸ್ಟಿಗೂ ಅದೇ ಒಳ್ಳೇದು."

ಮೈಕನ್ನು ಕೈಯಲ್ಲಿ ಹಿಡಿಯಲು ಬಿಡುವುದಿಲ್ಲ. ಬೆರಳು ಅಲುಗಿದರೂ ಸರಬರ ಸದ್ದು, ಮುಗಿಯುವ ಹೊತ್ತಿಗೆ ಮೈಕೈ ನೋವು. ಪ, ಫ, ಭ ಅಕ್ಷರಗಳ ಗಾಳಿ ಬಡಿಯದಿರಲೆಂದು ಮೈಕಿಗೆ ತೊಳೆದ ಕಾಲುಚೀಲ. "ಪಂಡಿತರು ಬಂದ್ರೆ ಎರಡು ಕಾಲುಚೀಲ ಹಾಕ್ತೀನಿ. ಅವರ ಮಹಾಪ್ರಾಣಕ್ಕೆ ನಮ್ಮ ಮೈಕಿನ ಪ್ರಾಣ ಹೋಗಿಬಿಡುತ್ತೆ."

ಓದಿನ ವಿಷಯ ಕೇಳಿದರೆ ಕೈ ಕೊಡವುತ್ತಾರೆ. "ಹತ್ತನೇ ಕ್ಲಾಸು ತಲೆಗೆ ಹತ್ತಲಿಲ್ಲ, ಹತ್ತಿ ಕೈಗೆ ಹತ್ತಿತು." ಇಪ್ಪತ್ತೆರಡಕ್ಕೆ ಮದುವೆಯಾಗಿ ಈ ಅಂಗಡಿಗೆ ಬಂದವರು. ಮೂವತ್ತೆರಡು ವರ್ಷಗಳ ಅರಳೆಯ ಧೂಳು ಎದೆಯಲ್ಲಿ ಕೂತಿದೆ. ಕೆಮ್ಮು ಹೇಳದೆ ಕೇಳದೆ ಬರುತ್ತದೆ. ರೆಕಾರ್ಡಿಂಗ್ ನಡೆಯುವಾಗ ಬಂದರೆ ದಿಂಬಿಗೆ ಮುಖ ಒತ್ತಿ ನುಂಗುತ್ತಾರೆ. ಯಂತ್ರದ ಪಕ್ಕದಲ್ಲೇ ಬದುಕು ಸವೆಸಿದ ಯಜಮಾನರಿಗೆ ಕಿವಿ ಮಂದ. "ಇಬ್ಬರಿಗೂ ಸೇರಿ ಇರೋದು ಎರಡೇ ಕಿವಿ, ಎರಡೂ ನನ್ನವು" ಎಂದು ನಗುತ್ತಾರೆ.

ಎಂಟು ವರ್ಷದ ಹಿಂದೆ ದಿಂಬು ಕೊಳ್ಳಲು ಬಂದ ಔಷಧಿ ಅಂಗಡಿಯಾತ ಗೋದಾಮಿನಲ್ಲಿ ನಿಂತು ಫೋನಿನಲ್ಲಿ ಮಾತಾಡಿ, "ಅಕ್ಕಾ, ಇಲ್ಲಿ ನನ್ನ ದನಿ ರೇಡಿಯೋದಲ್ಲಿ ಬಂದ ಹಾಗಿದೆ" ಎಂದಿದ್ದ. ಶುರುವಾದದ್ದು ಅಲ್ಲಿಂದ. ಮೊದಲ ಎಡವಟ್ಟು ಆದದ್ದೂ ಅಲ್ಲೇ. ಒಂದೇ ಮೆಮೊರಿ ಕಾರ್ಡಿನಲ್ಲಿ ಎಲ್ಲ ಹಿಡಿಸಲೆಂದು ಅವನ ಹನ್ನೆರಡು ಕಂತುಗಳನ್ನೂ ಅತಿ ಸಣ್ಣ ಎಂಪಿ-ತ್ರೀ ಮಾಡಿಬಿಟ್ಟರು. ಆಮೇಲೆ ತಿದ್ದಲು ಹೋದರೆ ಅವನು ಟ್ಯಾಂಕಿನೊಳಗೆ ಕೂತು ಮಾತ್ರೆ ನುಂಗುತ್ತಿರುವಂತೆ ಕೇಳಿಸುತ್ತಿತ್ತು. ಹನ್ನೆರಡನ್ನೂ ಮತ್ತೆ ಹೇಳಿಸಬೇಕಾಯಿತು.

"ಅವತ್ತು ಬುದ್ಧಿ ಬಂತು. ಹತ್ತಿ ಅದುಮಿಟ್ರೆ ಮತ್ತೆ ಹಿಂಜಿ ಉಬ್ಬಿಸ್ಬಹುದು. ದನಿ ಅದುಮಿದ್ರೆ ಮುಗೀತು. ಅದಕ್ಕೇ ಹಿಡಿಯೋದು ದನಿ ಅದುಮದ ವೇವ್ ಫೈಲಿನಲ್ಲಿ, ಅರಳೆ ಥರ ಜಾಗ ತಿನ್ನಲಿ ಬಿಡಿ. ಎಲ್ಲ ಮುಗಿದ ಮೇಲೆ ಊರಿಗೆ ಹಂಚೋಕೆ ಒಂದು ಎಂಪಿ-ತ್ರೀ ನಕಲು."

ಈ ಹಟ ಎಷ್ಟು ಬೆಲೆಬಾಳುತ್ತದೆ ಎಂಬುದು ಅವರಿಗೇ ತಿಳಿದದ್ದು ನಾಲ್ಕು ತಿಂಗಳ ಹಿಂದೆ, ಈಜು ಮೇಷ್ಟ್ರು ಬಂದಾಗ.

ಮೇಷ್ಟ್ರಿಗೆ ಅರವತ್ತೇಳು. ನಲವತ್ತು ವರ್ಷ ಊರಿನ ಈಜುಕೊಳದ ದಡದಲ್ಲಿ ನಿಂತು ಮಕ್ಕಳಿಗೆ ಈಜು ಕಲಿಸಿದವರು. ಈಗ ಮಕ್ಕಳ ತರಗತಿ ನಡೆಸುವುದು ಅವರ ಮಗಳು. ಅಪ್ಪನ ಹತ್ತು ಪಾಠಗಳನ್ನು ಅಪ್ಪನ ದನಿಯಲ್ಲೇ ಪಾಡ್‌ಕಾಸ್ಟ್ ಮಾಡಬೇಕು ಎಂಬುದು ಅವಳ ಆಸೆ.

"ಹನ್ನೊಂದು ದಿನ ಇದೆ ಅಕ್ಕಾ" ಎಂದಳು ಮಗಳು. "ಹನ್ನೆರಡನೇ ದಿನ ಆಪರೇಷನ್. ಧ್ವನಿಪೆಟ್ಟಿಗೆ ತೆಗೀತಾರೆ. ಆಮೇಲೆ ಅಪ್ಪಂಗೆ ದನಿ ಇರಲ್ಲ. ದಿನಕ್ಕೆ ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಮಾತಾಡ್ಸಬೇಡಿ ಅಂದಿದಾರೆ ಡಾಕ್ಟ್ರು. ನನ್ನ ಹತ್ರ ಸೈಕಲ್ ಬಜೆಟ್ ಇದೆ."

"ಅಳುಮುಂಜಿ ಥರ ಹೇಳ್ಬೇಡ ಕಣೇ!" ಮೇಷ್ಟ್ರ ಕೂಗು ಒರಟಾಗಿ, ಒಡೆದು ಬಂತು. ಆದರೂ ಅದು ಕೂಗೇ.

"ಸೈಕಲ್ ಇಟ್ಕೋಮ್ಮ" ಎಂದರು ಹತ್ತಿಯಕ್ಕ. "ಹನ್ನೊಂದು ದಿನಕ್ಕೆ ಏನೂ ಕೊಳ್ಳೋದು ಬೇಡ. ಮೈಕು ಇಲ್ಲೇ ಇದೆ, ಒಂದು ಮೆಮೊರಿ ಕಾರ್ಡ್ ತಗೊಂಡು ಬಾ ಸಾಕು."

ಮೊದಲ ದಿನ ಮೇಷ್ಟ್ರು ಬಾಗಿಲ ಬಳಿಯೇ ನಿಂತು, ಸೊಂಟಕ್ಕೆ ಕೈಯಿಟ್ಟು, "ಕಾಲು! ಕಾಲು ಒದಿ!" ಎಂದು ಶುರುಮಾಡಿದರು. ರೆಕಾರ್ಡರಿನ ಮುಳ್ಳು ಕೆಂಪಿಗೆ ಹೋಗಿ ಅಂಟಿಕೊಂಡಿತು. ಹೆಡ್‌ಫೋನಿನಲ್ಲಿ ಮಾತು ಚೂರುಚೂರು.

"ಮೇಷ್ಟ್ರೇ, ಇದು ಕೊಳ ಅಲ್ಲ. ಹತ್ತಿರ ಬನ್ನಿ."

"ನನ್ನ ಹತ್ರ ಹತ್ತಿರದ ದನಿ ಇಲ್ಲಮ್ಮ. ಇರೋದೊಂದೇ ದನಿ, ಆಚೆ ದಡಕ್ಕೆ ಮುಟ್ಟೋದು."

ಮಗಳಿಗೆ ಅಪ್ಪನನ್ನು ಸಂದರ್ಶನ ಮಾಡುವ ಯೋಚನೆಯಿತ್ತು: ಅವಳು ಪ್ರಶ್ನೆ ಕೇಳುವುದು, ಅವರು ಉತ್ತರಿಸುವುದು. ಆದರೆ ಅವಳು ಒಂದು ಕೇಳಿದರೆ ಅವರು ಕಾಣದ ಐವತ್ತು ಮಕ್ಕಳಿಗೆ ಉತ್ತರಿಸುತ್ತಿದ್ದರು. ಹತ್ತಿಯಕ್ಕ ಇಬ್ಬರನ್ನೂ ತಡೆದರು. ಮೇಷ್ಟ್ರನ್ನು ಕುರ್ಚಿಯಲ್ಲಿ ಕೂರಿಸಿ, ಅವರ ಬಾಯಿಂದ ಒಂದು ಗೇಣು ದೂರಕ್ಕೆ ಮೈಕು ನಿಲ್ಲಿಸಿ, ಮೈಕಿನ ಹಿಂದೆ ಒಂದು ಪುಟ್ಟ ದಿಂಬು ಇಟ್ಟರು.

"ಇದು ಮಗು. ಐದು ವರ್ಷ. ನೀರು ಅಂದ್ರೆ ಭಯ. ಕೂಗಿದ್ರೆ ಅಳುತ್ತೆ. ಇದಕ್ಕೊಂದಕ್ಕೇ ಹೇಳಿ."

ಮೇಷ್ಟ್ರು ದಿಂಬನ್ನು ದಿಟ್ಟಿಸಿದರು. ಗಂಟಲು ಸರಿಮಾಡಿಕೊಂಡರು. "ನೋಡು ಪುಟ್ಟಾ, ನೀರಿಗೆ ನಿನ್ನ ಪರಿಚಯ ಇಲ್ಲ. ಅದಕ್ಕೂ ಸ್ವಲ್ಪ ನಾಚಿಕೆ. ಮೊದಲು ಒಂದು ಕಾಲು ಇಳಿಬಿಟ್ಟು ಮಾತಾಡ್ಸು..."

ಮಗಳು ಹೆಡ್‌ಫೋನನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು. ಪಾಠ ಮುಗಿದ ಮೇಲೆ ಹತ್ತಿಯಕ್ಕನ ಕಿವಿಯಲ್ಲಿ ಹೇಳಿದಳು: "ನಮ್ಮಪ್ಪ ಹೀಗೂ ಮಾತಾಡ್ತಾರೆ ಅಂತ ನಂಗೆ ಗೊತ್ತೇ ಇರಲಿಲ್ಲ." ಮೇಷ್ಟ್ರಿಗೆ ಅದು ಕೇಳಿಸಿತು. "ನಂಗೇನು ಗೊತ್ತಿತ್ತಾ?" ಎಂದರು.

ಐದನೇ ದಿನ ಇನ್ನೊಂದು ತಾಪತ್ರಯ. ಕಾಲೇಜು ಹಾಸ್ಟೆಲಿಗೆ ನಲವತ್ತು ಹಾಸಿಗೆ, ಅಷ್ಟೇ ದಿಂಬು ಕಳಿಸುವ ಗಡುವು ಬಂದಿತ್ತು. ನಲವತ್ತು ಹಾಸಿಗೆ ಹೋದರೆ ಗೋಡೆ ಬೋಳು, ದನಿಯೂ ಬೋಳು.

"ಒಂದು ವಾರ ತಡ ಮಾಡಿ ಅಂದ್ರೆ ಅವರಿಗೆ ಏನಂತ ಹೇಳ್ಲೇ?" ಯಜಮಾನರು ಎಂದಿನಂತೆ ಬೀದಿಗೆಲ್ಲ ಕೇಳುವಂತೆ ಕೇಳಿದರು.

"ಇದ್ದಿದ್ದು ಇದ್ದ ಹಾಗೆ ಹೇಳಿ."

ಯಜಮಾನರು ಹಾಸ್ಟೆಲಿಗೆ ಫೋನ್ ಮಾಡಿ, "ಹಾಸಿಗೆಗಳು ಒಬ್ಬರ ಮಾತು ಕೇಳಿಸ್ಕೊಳ್ತಾ ಇವೆ ಸಾರ್, ಮುಗಿದ ತಕ್ಷಣ ಕಳಿಸ್ತೀವಿ" ಎಂದರು. ಆ ಕಡೆಯವರು ಏನು ತಿಳಿದುಕೊಂಡರೋ, ಮರುಮಾತಿಲ್ಲದೆ ಒಪ್ಪಿದರು. ಸದ್ಯಕ್ಕೆ ದಿಂಬುಗಳು ಹೋದವು. ಮೂವತ್ತೊಂಬತ್ತು. ಮೇಷ್ಟ್ರ 'ಪುಟ್ಟ' ಉಳಿದುಕೊಂಡಿತು.

ಏಳನೇ ದಿನ ಮಗಳದೇ ತಕರಾರು. "ಅಕ್ಕಾ, ಅಪ್ಪ ಉಸಿರೆಳೆಯೋದೆಲ್ಲ ಕೇಳ್ಸುತ್ತೆ. ನನ್ನ ಫೋನಲ್ಲಿ ಗದ್ದಲ ತೆಗೆಯೋ ಗುಂಡಿ ಇದೆ. ಅದರಲ್ಲೇ ಮಾಡಿಬಿಡೋಣ, ಫೈಲೂ ಸಣ್ಣದಾಗುತ್ತೆ."

"ಗದ್ದಲ ಯಾವ್ದು, ನಿಮ್ಮಪ್ಪ ಯಾವ್ದು ಅಂತ ಆ ಗುಂಡಿಗೆ ಗೊತ್ತೇನಮ್ಮ? ಈಗ ಪೂರ್ತಿ ಹಿಡ್ಕೋ. ತೆಗೆಯೋದು ಯಾವಾಗ ಬೇಕಾದ್ರೂ ತೆಗೀಬಹುದು. ಹಾಕೋದು ಆಗಲ್ಲ." ಮಗಳು ಮುಖ ಊದಿಸಿಕೊಂಡಳು, ಆದರೆ ಗುಂಡಿ ಒತ್ತಲಿಲ್ಲ.

ನಡುವೆ ಒಂದು ದಿನ ಗಂಟಲಿಗೆ ಬಿಡುವು ಕೊಟ್ಟಿದ್ದರಿಂದ ಹತ್ತನೇ ಪಾಠ ಹನ್ನೊಂದನೇ ದಿನಕ್ಕೆ ಬಂತು. ಐದೂವರೆಗೆ ಮೇಷ್ಟ್ರು ಕುರ್ಚಿಯಲ್ಲಿ ಕೂತರು. ಬಾಯಿ ತೆರೆದರು. ಹ್ಹ ಎಂಬ ಗಾಳಿ ಬಿಟ್ಟರೆ ಏನೂ ಬರಲಿಲ್ಲ. ಬಿಸಿನೀರು ಕುಡಿದರು. ಮತ್ತೆ ಹ್ಹ. ಮೂರನೇ ಸಲ ಪ್ರಯತ್ನಿಸಿ ತಲೆಯಾಡಿಸಿದರು. ದನಿ ಒಂದು ದಿನ ಮುಂಚೆಯೇ ಎದ್ದು ಹೊರಟಿತ್ತು.

ಮಗಳು ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟಳು. "ಬಿಡಿ ಅಕ್ಕಾ. ಒಂಬತ್ತು ಆಗಿದೆಯಲ್ಲ, ಸಾಕು."

ಹತ್ತಿಯಕ್ಕ ಮೇಷ್ಟ್ರ ಮುಖ ನೋಡಿದರು. ಆ ಮುಖ ಸಾಕು ಎನ್ನುತ್ತಿರಲಿಲ್ಲ.

"ಹತ್ತನೇದು ಏನಿತ್ತಮ್ಮ ಪಾಠ?"

ಮಗಳು ಪಾಠಗಳನ್ನು ಬರೆದುಕೊಂಡಿದ್ದ ಪುಸ್ತಕ ತಿರುವಿದಳು. "ಉಸಿರು. ನೀರಿನ ಮೇಲೆ ಎಳ್ಕೊಳ್ಳೋದು, ನೀರೊಳಗೆ ಬಿಡೋದು."

"ಮತ್ತೆ ಅದಕ್ಕೆ ದನಿ ಯಾಕೆ?"

ಹತ್ತಿಯಕ್ಕ ಅಗಲವಾದ ಬೇಸಿನ್ನಿಗೆ ನೀರು ತುಂಬಿ, ಸದ್ದಾಗದಂತೆ ಮಡಿಸಿದ ಟವೆಲಿನ ಮೇಲಿಟ್ಟರು. ಮೈಕನ್ನು ನೀರು ಸಿಡಿಯದಷ್ಟು ಓರೆ ಮಾಡಿದರು. ಮಗಳು ಎಣಿಸಬೇಕು, ಮೇಷ್ಟ್ರು ಉಸಿರಾಡಬೇಕು. ಅಷ್ಟೇ ಪಾಠ. "ಒಂದು" ಎಂದಳು ಮಗಳು. ತುಟಿ ಬಿಚ್ಚಿದ ಸದ್ದು, ಎದೆ ತುಂಬ ಒಳಗೆಳೆದ ಗಾಳಿ, ಮುಖ ನೀರಿಗಿಳಿದದ್ದು, ಆಮೇಲೆ ಗುಳುಗುಳು, ಗುಳುಗುಳು. "ಎರಡು." ಮತ್ತೆ. ಎಂಟಕ್ಕೆ ಬರುವಾಗ ಮಗಳ ಎಣಿಕೆ ತೊದಲಿತು, ಮೇಷ್ಟ್ರು ನಿಲ್ಲಿಸಲಿಲ್ಲ. ಹತ್ತಿಯಕ್ಕನಿಗೆ ಕೆಮ್ಮು ಒತ್ತಿ ಬಂತು. 'ಪುಟ್ಟ'ನನ್ನೇ ಎಳೆದುಕೊಂಡು ಮುಖ ಹುದುಗಿಸಿ, ಕಣ್ಣಲ್ಲಿ ನೀರು ಬರುವವರೆಗೂ ನುಂಗಿದರು. ಇಪ್ಪತ್ತರವರೆಗೆ ಹೋಯಿತು ಎಣಿಕೆ. ಮೀಸೆಯಿಂದ ನೀರು ತೊಟ್ಟಿಕ್ಕಿಸುತ್ತ ತಲೆಯೆತ್ತಿದ ಮೇಷ್ಟ್ರು ಮೈಕಿನ ಕಡೆ ಬೆರಳು ತೋರಿಸಿ, ಹುಬ್ಬು ಹಾರಿಸಿದರು: ಬಂತಾ?

ಬಂದಿತ್ತು. ಒಂದೊಂದು ಗುಳ್ಳೆಯೂ ಬಂದಿತ್ತು. ಆ ಗುಂಡಿ ಒತ್ತಿದ್ದರೆ ಒಂದೂ ಉಳಿಯುತ್ತಿರಲಿಲ್ಲ. ಗದ್ದಲ ಎಂದು ಗುಡಿಸಿ ಹಾಕುತ್ತಿತ್ತು.

ಆಪರೇಷನ್ ಸರಿಯಾಗಿ ಆಯಿತು. ಮೇಷ್ಟ್ರು ಈಗ ಉಸಿರಾಡುವುದು ಕುತ್ತಿಗೆಯಲ್ಲಿ ಮಾಡಿರುವ ಪುಟ್ಟ ರಂಧ್ರದಿಂದ, ಬಾಯಿಂದಲ್ಲ. ನೀರಿಗೆ ಇಳಿಯುವಂತಿಲ್ಲ. ಇದನ್ನು ಹತ್ತಿಯಕ್ಕನಿಗೆ ಹೇಳಿದ್ದು ಮಗಳು, ತಿಂಗಳಾದ ಮೇಲೆ. "ಮಾತು ಹೋಗುತ್ತೆ ಅಂತ ಗೊತ್ತಿತ್ತು" ಎನ್ನುತ್ತಾರೆ ಹತ್ತಿಯಕ್ಕ. "ಆ ಥರ ಉಸಿರು ಬಿಡೋದೂ ಅವತ್ತೇ ಕೊನೆ ಅಂತ ನನಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿತ್ತು. ಅದಕ್ಕೇ ಇಪ್ಪತ್ತರವರೆಗೂ ಹೋದ್ರು."

ಈಜುಕೊಳದ ಮಕ್ಕಳು ಈಗ ನೀರಿಗಿಳಿಯುವ ಮುನ್ನ ಹತ್ತನೇ ಪಾಠ ಹಾಕಿಸಿಕೊಂಡು, ದಡದಲ್ಲಿ ಸಾಲಾಗಿ ಕೂತು ಕೆನ್ನೆ ಉಬ್ಬಿಸುತ್ತವೆ. ಪಕ್ಕದಲ್ಲಿ ಮೇಷ್ಟ್ರು ಸ್ಲೇಟು ಹಿಡಿದು ಓಡಾಡುತ್ತಾರೆ. ಸ್ಲೇಟಿನ ಮೇಲೆ ಅಕ್ಷರಗಳು ಒಂದೊಂದೂ ಅಂಗೈಯಷ್ಟು, ಸಾಲಿನ ಕೊನೆಗೆ ಮೂರು ಮೂರು ಆಶ್ಚರ್ಯಸೂಚಕ. "ಬರೆದ್ರೂ ಕೂಗೋದು ಬಿಟ್ಟಿಲ್ಲ" ಎಂದು ಹತ್ತಿಯಕ್ಕ ನಗುತ್ತಾರೆ.

ಏಳಾಗುತ್ತ ಬಂದಿದೆ. ಯಜಮಾನರ ಚಪ್ಪಲಿ ಸದ್ದು ಅಂಗಳದಲ್ಲಿ ಕೇಳಿಸುತ್ತದೆ. ಮೈಕನ್ನು ಬಟ್ಟೆಯಲ್ಲಿ ಸುತ್ತಿಡುತ್ತ, ಇನ್ನು ಯಾವ ಹೊಸ ಉಪಕರಣದ ಆಸೆ ಎಂದರೆ ಹತ್ತಿಯಕ್ಕ ತಲೆಯಾಡಿಸುತ್ತಾರೆ.

"ಉಪಕರಣ ಬೇಡ. ಆ ಹತ್ತು ಪಾಠ ತಿದ್ದುವಾಗ ಎಷ್ಟು ಸಲ ಕೇಳಿದೀನೋ, ಬಾಯಿಪಾಠ ಆಗಿದೆ. ಆದ್ರೆ ಈ ವಯಸ್ಸಿನವರೆಗೂ ಮೊಣಕಾಲಿಗಿಂತ ಮೇಲೆ ನೀರಿಗೆ ಇಳಿದವಳಲ್ಲ ನಾನು. ಬರೋ ಭಾನುವಾರ ಬಾ ಅಂತ ಸ್ಲೇಟಲ್ಲಿ ಕೂಗಿದಾರೆ. ಕೊಳದ ಉದ್ದಕ್ಕೆ ಈಜೋ ಆಸೆಯೆಲ್ಲ ಇಲ್ಲಪ್ಪ. ಅಡ್ಡಕ್ಕೆ ಒಂದೇ ಒಂದು ಸಲ, ಅಷ್ಟು ಸಾಕು. ಆ ಕಡೆ ಮೇಷ್ಟ್ರು ನಿಂತಿರ್ತಾರಂತೆ."